ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕತೆ ಬರೆಯೋದನ್ನ ಎಲ್ಲಿಂದ ಶುರು ಮಾಡಿಸೋದು?

ಪಾವಗಡದ ಟೀಚರ್

ಎಲ್ಲರಿಗೂ ನಮಸ್ಕಾರ. ಪಾವಗಡ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದು ಎರಡೂ ತರಗತಿಯನ್ನು ಒಟ್ಟಿಗೆ ನೋಡಿಕೊಳ್ಳುತ್ತೇನೆ. ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸಿನವರೆಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಮುಗಿಸಿ ಬಂದ ಮಕ್ಕಳು. ಅಕ್ಷರ ಬರುತ್ತದೆ, ಓದುತ್ತಾರೆ, ಉಕ್ತಲೇಖನ ಕೊಟ್ಟರೆ ಪರವಾಗಿಲ್ಲ. ಆದರೆ "ನೀವೇ ಒಂದು ಕತೆ ಬರೆಯಿರಿ" ಅಂದರೆ ಎಲ್ಲರ ಪುಸ್ತಕದಲ್ಲೂ ಒಂದೇ ಕತೆ. ಒಬ್ಬ ಹುಡುಗನದ್ದು ಇದ್ದ ಹಾಗೇ ಹಾಕುತ್ತಿದ್ದೇನೆ:

"ಒಂದು ಊರಿನಲ್ಲಿ ಒಬ್ಬ ರಾಜ ಇದ್ದನು. ಅವನಿಗೆ ಒಬ್ಬ ಮಗ ಇದ್ದನು. ಅವನು ಒಳ್ಳೆಯವನು. ಆಮೇಲೆ ಕಾಡಿಗೆ ಹೋದನು. ಆಮೇಲೆ ಹುಲಿ ಬಂತು. ಆಮೇಲೆ ಮನೆಗೆ ಬಂದನು. ನೀತಿ: ದೊಡ್ಡವರ ಮಾತು ಕೇಳಬೇಕು."

ದೊಡ್ಡವರು ಯಾರು? ಕತೆಯಲ್ಲಿ ಎಲ್ಲೂ ಇಲ್ಲ. ಹುಲಿ ಬಂದು ಏನು ಮಾಡಿತು? ಅದೂ ಇಲ್ಲ. ಇದೇ ಹುಡುಗ ಬಿಸಿಯೂಟಕ್ಕೆ ಕೂತಾಗ, ಅವರ ತಾತನ ಕುರಿ ಬೋರ್‌ವೆಲ್ ತೊಟ್ಟಿಗೆ ಬಿದ್ದ ಕತೆಯನ್ನು ಎಂಥಾ ಮಜವಾಗಿ ಹೇಳುತ್ತಾನೆ ಅಂದರೆ ಸುತ್ತ ಇದ್ದವರು ಊಟ ಮರೆತು ಕೇಳುತ್ತಾರೆ. ಬಾಯಲ್ಲಿ ಇರುವುದು ಪೆನ್ಸಿಲ್ಲಿಗೆ ಯಾಕೆ ಬರುವುದಿಲ್ಲ? ಇನ್ನೊಂದು ವಿಷಯ, ಅರ್ಧಕ್ಕರ್ಧ ಮಕ್ಕಳ ಮನೆಮಾತು ತೆಲುಗು. ಏನು ಮಾಡಬಹುದು ಹೇಳಿ. ವರ್ಕ್‌ಶೀಟ್ ಲಿಂಕ್ ಬೇಡ ದಯವಿಟ್ಟು, ಅದು ನನ್ನ ಹತ್ತಿರ ಬೇಕಾದಷ್ಟು ಇದೆ.

ಕೊಳ್ಳೇಗಾಲ ಮೇಷ್ಟ್ರು

ಮೇಡಂ, ನಿಮ್ಮ ಹುಡುಗನಿಗೆ ಕತೆ ಹೇಳೋಕೆ ಬರುತ್ತದೆ. ಅದು ನೀವೇ ಹೇಳಿದ್ದೀರಿ. ಅವನು ಬರೆದಿದ್ದು ಕತೆಯಲ್ಲ, ಶಾಲೆಯಲ್ಲಿ ಕತೆ ಅಂದರೆ ಹೀಗಿರಬೇಕು ಅಂತ ಅವನು ಅಂದುಕೊಂಡಿರೋದು. "ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ" ಅಂತ ಪ್ರಬಂಧ ಬರೆದೂ ಬರೆದೂ ಮಕ್ಕಳಿಗೆ ಬರವಣಿಗೆ ಅಂದರೆ ಅದೇ ಆಗಿಬಿಟ್ಟಿದೆ. ರಾಜನ ಬಗ್ಗೆಯೂ ಹಾಗೇ ಬರೆಯುತ್ತಾರೆ. ರಾಜ ಇದ್ದನು, ಮಗ ಇದ್ದನು, ಒಳ್ಳೆಯವನು. ಮುಗಿಯಿತು.

ನಾನು ಪೆನ್ಸಿಲ್ ಮುಟ್ಟಿಸುವ ಮುಂಚೆ ಕಾಗಕ್ಕ ಗುಬ್ಬಕ್ಕ ಹೇಳುತ್ತೇನೆ. ಎಲ್ಲರಿಗೂ ಗೊತ್ತಿರುವ ಕತೆ, ಅದಕ್ಕೇ ಒಳ್ಳೆಯದು. ಹೇಳಿ ಮುಗಿಸಿ ನೀತಿ ಕೇಳುವುದಿಲ್ಲ. ಬೇರೆ ಪ್ರಶ್ನೆ ಕೇಳುತ್ತೇನೆ. ಕಾಗಕ್ಕನಿಗೆ ಏನು ಬೇಕಿತ್ತು? ಮಳೆಗೆ ಸಗಣಿ ಮನೆ ಕೊಚ್ಚಿ ಹೋಯಿತು, ಒಳಗೆ ಜಾಗ ಬೇಕಿತ್ತು. ಸಿಕ್ಕಿತಾ? ಇಲ್ಲ. ಯಾಕೆ? ಗುಬ್ಬಕ್ಕ ಬಾಗಿಲು ತೆಗೆಯಲಿಲ್ಲ. ಇರು ಮಗುಗೆ ಸ್ನಾನ ಮಾಡಿಸ್ತೀನಿ ಅಂದಳು, ಇರು ಊಟ ಮಾಡಿಸ್ತೀನಿ ಅಂದಳು, ಇರು ಮಲಗಿಸ್ತೀನಿ ಅಂದಳು. ಕಾಗಕ್ಕ ಅಷ್ಟು ಹೊತ್ತೂ ಹೊರಗೆ ನೆನೆಯುತ್ತಾ ನಿಂತಿದ್ದಾಳೆ. ಇಲ್ಲಿ ನಿಲ್ಲಿಸಿ, "ಮೊದಲನೇ ಸಲ ಬಾಗಿಲು ಬಡಿದ ಕೂಡಲೇ ತೆಗೆದುಬಿಟ್ಟಿದ್ದರೆ?" ಅಂತ ಕೇಳಿ. ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ, "ಕತೆನೇ ಇಲ್ಲ ಸಾರ್!"

ಅಷ್ಟು ಹೊಳೆದರೆ ಸಾಕು. ಯಾರಿಗೋ ಏನೋ ಬೇಕು, ಅದು ಸುಲಭವಾಗಿ ಸಿಗಬಾರದು. ಆರಂಭ, ಬೆಳವಣಿಗೆ, ಪರಾಕಾಷ್ಠೆ, ಮುಕ್ತಾಯ ಅಂತ ಬೋರ್ಡಿನ ಮೇಲೆ ಬರೆದು ವಿವರಿಸುವವರನ್ನು ನೋಡಿದ್ದೇನೆ. ಒಂಬತ್ತು ವರ್ಷದ ಮಗು ಪರಾಕಾಷ್ಠೆ ಇಟ್ಟುಕೊಂಡು ಏನು ಮಾಡಬೇಕು?

ನಿವೃತ್ತ, ಹಾಸನ

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕತೆ ಗಿತೆ ಎಲ್ಲಾ ಸರಿ. ಐದನೇ ತರಗತಿಗೆ ಬಂದ ಮಗು "ಹಕ್ಕಿ ಹಾರಿತು" ಅನ್ನುವುದಕ್ಕೆ "ಅಕ್ಕಿ ಆರಿತು" ಅಂತ ಬರೆಯುತ್ತದೆ. ಒತ್ತಕ್ಷರ ಎಲ್ಲೋ, ದೀರ್ಘ ಎಲ್ಲೋ. ಮೊದಲು ಕಾಗುಣಿತ, ಶುದ್ಧ ಬರಹ, ವಾಕ್ಯ ರಚನೆ. ಕಲ್ಪನೆ ಆಮೇಲೆ ತಾನಾಗಿ ಬರುತ್ತದೆ. ನಮ್ಮ ಕಾಲದಲ್ಲಿ ದಿನಾ ಒಂದು ಪುಟ ಕಾಪಿ ಬರೆಸುತ್ತಿದ್ದೆವು. ಆ ಮಕ್ಕಳು ಇವತ್ತು ತಪ್ಪಿಲ್ಲದೆ ಬರೆಯುತ್ತಾರೆ.

ನೀತಿಯ ಬಗ್ಗೆಯೂ ಇಷ್ಟೊಂದು ಸಿಟ್ಟು ಯಾಕೋ ಗೊತ್ತಾಗಲಿಲ್ಲ. ಪಂಚತಂತ್ರ ಹುಟ್ಟಿದ್ದೇ ರಾಜಕುಮಾರರಿಗೆ ನೀತಿ ಕಲಿಸೋಕೆ ಅಲ್ವಾ?

ಇಬ್ಬರ ಅಮ್ಮ

ಹಾಸನದ ಸರ್ ಹೇಳಿದ್ದು ನನಗೂ ಸ್ವಲ್ಪ ಸರಿ ಅನ್ನಿಸಿತು. ನಾನು ಟೀಚರ್ ಅಲ್ಲ, ಬೆಂಗಳೂರಿನಲ್ಲಿರುವ ಒಬ್ಬ ತಾಯಿ. ಮಗಳು ಖಾಸಗಿ ಶಾಲೆ, ಮೂರನೇ ಕ್ಲಾಸು, ಕನ್ನಡ ಎರಡನೇ ಭಾಷೆ. ಪರೀಕ್ಷೆಯಲ್ಲಿ "ಸುಳಿವುಗಳ ಸಹಾಯದಿಂದ ಕತೆ ಪೂರ್ಣಗೊಳಿಸಿ" ಅಂತ ಬರುತ್ತದೆ. ಟೋಪಿ ಮಾರುವವ, ಕೋತಿಗಳು, ಮರ. ಗೈಡಿನಲ್ಲಿ ಇದ್ದ ಹಾಗೆ ಬರೆಯದಿದ್ದರೆ ಅಂಕ ಹೋಗುತ್ತದೆ. ಅವಳು ಒಂದು ಸಲ ಕೋತಿಗಳು ಟೋಪಿ ವಾಪಸ್ ಕೊಡಲೇ ಇಲ್ಲ ಅಂತ ಬರೆದಳು. ಕೊಡದೆ ಅಲ್ಲೇ ಟೋಪಿ ಅಂಗಡಿ ಇಟ್ಟವಂತೆ! ನನಗೆ ನಗು ತಡೆಯಲಿಲ್ಲ. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಉದ್ದಕ್ಕೂ ಗೀಟು. ಈಗ ಅವಳು ಗೈಡಿನದ್ದನ್ನೇ ಬಾಯಿಪಾಠ ಮಾಡುತ್ತಾಳೆ.

ಕೊಳ್ಳೇಗಾಲ ಮೇಷ್ಟ್ರು

ಅಮ್ಮಾ, ಅಂಗಡಿ ಇಟ್ಟ ಕೋತಿಗೆ ನನ್ನ ಕಡೆಯಿಂದ ಪೂರ್ತಿ ಅಂಕ.

ಹಾಸನದ ಸರ್‌ಗೆ: ಕಾಗುಣಿತ ಬೇಡ ಅಂತ ಯಾರೂ ಹೇಳಲಿಲ್ಲ. ನಮ್ಮ ಕಡೆಯೂ ಹಕಾರ ತಿನ್ನುವುದೇ ದೊಡ್ಡ ಕೆಲಸ, ಮನೆಯಲ್ಲಿ ಎಲ್ಲರೂ "ಅಳ್ಳಿ, ಅಬ್ಬ" ಅನ್ನುವಾಗ ಮಗು ಕೇಳಿದ್ದನ್ನೇ ಬರೆಯುತ್ತದೆ. ಅದನ್ನು ಉಕ್ತಲೇಖನದ ಪೀರಿಯಡ್ಡಿನಲ್ಲಿ ತಿದ್ದೋಣ. ಕತೆ ಬರೆಯುವ ಹೊತ್ತಿನಲ್ಲಿ ಮಗು "ಹೃದಯ" ಹೇಗೆ ಬರೆಯೋದು ಅಂತ ಕೂತರೆ ಹುಲಿ ಅಷ್ಟರಲ್ಲಿ ಕಾಡಿಗೆ ವಾಪಸ್ ಹೋಗಿರುತ್ತದೆ. ಎಲ್ಲಾ ತಪ್ಪಿಗೂ ಒಟ್ಟಿಗೆ ಗೀಟು ಹಾಕಿದ ಪುಸ್ತಕ ಕೈಗೆ ಬಂದರೆ ಮಕ್ಕಳು ಒಂದು ಉಪಾಯ ಕಲಿಯುತ್ತಾರೆ ಸರ್, ಗೊತ್ತಿರುವ ಪದದಲ್ಲಷ್ಟೇ ಬರೆಯುವುದು. "ರಾಜ ಇದ್ದನು. ಮಗ ಇದ್ದನು." ತಪ್ಪೇ ಇಲ್ಲ ನೋಡಿ ಅದರಲ್ಲಿ!

ನಾನು ಒಂದು ಸಲಕ್ಕೆ ಒಂದೇ ತಿದ್ದುತ್ತೇನೆ. ಈ ಕತೆಯಲ್ಲಿ ಪೂರ್ಣವಿರಾಮ ಮಾತ್ರ. ಅದನ್ನೂ ನಾನು ಹಾಕುವುದಿಲ್ಲ, ಮಗುವಿಗೇ ಗಟ್ಟಿಯಾಗಿ ಓದಿಸುತ್ತೇನೆ. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಚುಕ್ಕೆ. ಮುಂದಿನ ಕತೆಯಲ್ಲಿ ಹಕಾರ.

ಪಂಚತಂತ್ರಕ್ಕೆ ಬರೋಣ. ನೀತಿ ಕಲಿಸೋಕೇ ಹುಟ್ಟಿದ್ದು, ನಿಜ. ಆದರೆ ನೀತಿಯ ಸಾಲನ್ನು ತೆಗೆದುಹಾಕಿದರೂ ಮೊಲ ಸಿಂಹವನ್ನು ಬಾವಿಗೆ ಬೀಳಿಸಿದ ಕತೆ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಮಕ್ಕಳದ್ದರಲ್ಲಿ ನೀತಿ ತೆಗೆದರೆ ಉಳಿಯುವುದು ಏನು? ಮೂರು "ಆಮೇಲೆ".

ಹುಬ್ಬಳ್ಳಿ ಮಂದಿ

"ಆಮೇಲೆ" ಮೇಲೆ ಯಾಕ್ರೀ ಇಷ್ಟು ಸಿಟ್ಟು? ನಮ್ಮ ಅಜ್ಜಿ ಕತಿ ಹೇಳೂವಾಗ ಬರೀ "ಮುಂದ, ಮುಂದ" ಅನ್ನಾಕಿ. ನಾವು ಬಾಯಿ ಬಿಟ್ಟು ಕೇಳ್ತಿದ್ವಿ.

ನನ್ನ ಅನುಭವ ಹೇಳುತ್ತೇನೆ. ಎರಡನೇ ಕ್ಲಾಸಿನವರಿಗೆ "ಆಮೇಲೆ" ಇರಲಿ ಬಿಡಿ, ಅದು ಅವರಿಗೆ ಹಿಡಿದು ನಡೆಯುವ ಗೋಡೆ. ನಾಲ್ಕರಲ್ಲಿ ಬಿಡಿಸಬಹುದು. ಬೇಡ ಅಂತ ಹೇಳಿದರೆ ಬಿಡುವುದಿಲ್ಲ, ಬದಲಿಗೆ ಬೇರೆ ಏನಾದರೂ ಕೈಗೆ ಕೊಡಬೇಕು. ಎರಡು ದಾರಿ ಇವೆ. ಒಂದು, ಹೊತ್ತು ಹೇಳುವ ಮಾತುಗಳು: ಅಷ್ಟರಲ್ಲಿ, ಮಾರನೇ ದಿನ, ಕತ್ತಲಾಗುವ ಹೊತ್ತಿಗೆ, ಇನ್ನೇನು ಹಿಡಿಯಬೇಕು ಅನ್ನುವಷ್ಟರಲ್ಲಿ. ಗೋಡೆಗೆ ಬರೆದು ಅಂಟಿಸಿ, ಬೇಕಾದವರು ನೋಡಿಕೊಂಡು ಬರೆಯಲಿ. ಇನ್ನೊಂದು ನಮ್ಮ ಕನ್ನಡದಲ್ಲೇ ಇರುವ ಅನುಕೂಲ. "ಅವನು ಎದ್ದನು. ಆಮೇಲೆ ಮುಖ ತೊಳೆದನು. ಆಮೇಲೆ ರೊಟ್ಟಿ ತಿಂದನು. ಆಮೇಲೆ ಓಡಿದನು." ಇದನ್ನೇ "ಎದ್ದು, ಮುಖ ತೊಳೆದು, ರೊಟ್ಟಿ ತಿಂದು ಓಡಿದನು." ಮಕ್ಕಳಿಗೆ ಇದನ್ನು ಆಟದ ಹಾಗೆ ಆಡಿಸಿ. ಒಬ್ಬ "ಎದ್ದು" ಅನ್ನಬೇಕು, ಪಕ್ಕದವ "ಎದ್ದು, ಹಲ್ಲುಜ್ಜಿ", ಅವನ ಪಕ್ಕದವ ಇನ್ನೊಂದು ಸೇರಿಸಬೇಕು. ಕೊನೆಗೆ ಯಾರೋ "ಬಿದ್ದ!" ಅಂತ ಮುಗಿಸುತ್ತಾರೆ. ಅವರೇ ನಗುತ್ತಾರೆ. ವ್ಯಾಕರಣದ ಹೆಸರು ಹೇಳುವ ಅಗತ್ಯವೇ ಬರುವುದಿಲ್ಲ.

ಮತ್ತೆ ಮಾತು. ಕತೆಯ ಒಳಗೆ ಜನ ಆಡುವ ಮಾತನ್ನು ಅವರು ಆಡಿದ ಹಾಗೇ ಬರೆಯಲು ಬಿಡ್ರೀ. ನಮ್ಮ ಹುಡುಗಿಯೊಬ್ಬಳು "ಎಲ್ಲಿ ಹೊಂಟೀ? ನಿಲ್ಲ ಅಲ್ಲೇ!" ಅಂತ ಅವರ ಅವ್ವ ಕೂಗಿದ್ದನ್ನು ಬರೆದಿದ್ದಳು. ಹೊಸದಾಗಿ ಬಂದ ಟೀಚರ್ ಒಬ್ಬರು ಅದನ್ನು "ಎಲ್ಲಿಗೆ ಹೋಗುತ್ತಿರುವೆ? ಅಲ್ಲಿಯೇ ನಿಲ್ಲು" ಅಂತ ತಿದ್ದಿದರು. ಅವ್ವ ಹೋಗಿ ಟಿವಿ ಧಾರಾವಾಹಿಯ ಮಹಾರಾಣಿ ಬಂದು ನಿಂತಳು! ಕತೆ ಹೇಳುವ ಸಾಲು ಪುಸ್ತಕದ ಕನ್ನಡದಲ್ಲಿರಲಿ, ಉದ್ಧರಣ ಚಿಹ್ನೆಯ ಒಳಗೆ ಊರಿನ ಕನ್ನಡ ಇರಲಿ. ಮಕ್ಕಳಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ.

ಪಾವಗಡದ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿ ಸರ್ (ಅಥವಾ ಮೇಡಂ?), ಆ ಎದ್ದು-ತೊಳೆದು ಆಟ ಆಡಿಸಿದೆ, ಚೆನ್ನಾಗಿ ನಡೆಯಿತು. ತೆಲುಗು ಮನೆಮಾತಿನ ಮಕ್ಕಳೂ ಸಲೀಸಾಗಿ ಸೇರಿಕೊಂಡರು. ತೆಲುಗಲ್ಲೂ ಹಾಗೇ ಪೋಣಿಸಬಹುದಲ್ಲ, ಅದಕ್ಕಿರಬೇಕು.

ಈಗ ಒಂದು ಪಾಠ ಹೇಗಾಯಿತು ಅಂತ ಹೇಳುತ್ತೇನೆ. ನಮ್ಮಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡುವ ದಿನ ಕೋತಿಗಳು ಹಾಜರ್. ಅವತ್ತು ಒಬ್ಬಳ ಹಣ್ಣು ಹೋಯಿತು. ಊಟ ಆದಮೇಲೆ ಇದನ್ನೇ ಎಲ್ಲರೂ ಸೇರಿ ಕತೆ ಮಾಡೋಣ ಅಂದೆ. ಅವರು ಹೇಳಬೇಕು, ನಾನು ಬೋರ್ಡಿನ ಮೇಲೆ ಬರೆಯಬೇಕು. ಅವಳು ಎರಡೇ ವಾಕ್ಯ ಹೇಳಿದಳು: "ಕೋತಿ ಬಂತು. ಬಾಳೆಹಣ್ಣು ತಗೊಂಡು ಹೋಯಿತು." ಮುಗಿಯಿತು ಅಂತ ಕೂತುಬಿಟ್ಟಳು.

ನಾನು ಕೇಳುತ್ತಾ ಹೋದೆ. ಕೋತಿ ಎಲ್ಲಿತ್ತು? ಬೇವಿನ ಮರದ ಮೇಲೆ. ನೋಡಿದ ಕೂಡಲೇ ನೀನು ಏನು ಮಾಡಿದೆ? ಹಣ್ಣನ್ನ ಅಂಗಿ ಒಳಗೆ ಇಟ್ಟುಕೊಂಡೆ. (ಇಲ್ಲಿ ಎಲ್ಲರೂ ನಕ್ಕರು.) ಅದಕ್ಕೆ ಗೊತ್ತಾಯಿತಾ? ನನ್ನನ್ನೇ ನೋಡ್ತಿತ್ತು ಮಿಸ್. ನೀನು ಓಡಲಿಲ್ವಾ? ಓಡಿದ್ರೆ ಕಚ್ಚುತ್ತೆ ಅಂತ ಅಣ್ಣ ಹೇಳಿದ್ದ. ಕೊನೆಗೆ ಬೋರ್ಡಿನ ಮೇಲೆ ಇದ್ದದ್ದು:

"ಬೇವಿನ ಮರದ ಮೇಲೆ ಕೋತಿ ಕೂತಿತ್ತು. ಅದು ನನ್ನನ್ನೇ ನೋಡುತ್ತಿತ್ತು. ನಾನು ಬಾಳೆಹಣ್ಣನ್ನು ಅಂಗಿಯ ಒಳಗೆ ಇಟ್ಟುಕೊಂಡೆ. ಅದು ಮೆಲ್ಲಗೆ ಕೆಳಗೆ ಇಳಿಯಿತು. ಓಡಬಾರದು ಅಂತ ಅಣ್ಣ ಹೇಳಿದ್ದ. ನಾನು ಸುಮ್ಮನೆ ನಿಂತೆ. ಅದು ನನ್ನ ಅಂಗಿ ಹಿಡಿದು ಎಳೆಯಿತು. ಎರಡು ಗುಂಡಿ ಕಿತ್ತು ಹೋದವು. ಹಣ್ಣು ಕೋತಿಗೆ ಸಿಕ್ಕಿತು. ಮನೆಯಲ್ಲಿ ಅಮ್ಮ ನನಗೆ ಬೈದಳು. ಕೋತಿಗೆ ಬೈಯಲಿಲ್ಲ."

ಆ ಕೊನೆಯ ಸಾಲಿನ ಕತೆ ಕೇಳಿ. "ನಾಳೆ ಅಮ್ಮ ಏನು ಹೇಳಿದರು ಅಂತ ಬಂದು ಹೇಳು" ಅಂತ ಕಳಿಸಿದ್ದೆ. ಬೆಳಿಗ್ಗೆ ಬಂದವಳೇ ಬ್ಯಾಗ್ ಇಡದೆ ಹೇಳಿದಳು. ಒಬ್ಬ ಹುಡುಗ ಎದ್ದು "ನೀತಿ ಬರೀಬೇಕಾ ಮಿಸ್?" ಅಂದ. ಏನು ಬರೀತೀಯ ಅಂತ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ "ಕೋತಿಗೆ ಬೈಯಬೇಕು" ಅಂದ.

ನಿವೃತ್ತ, ಹಾಸನ

ಇದು ಚೆನ್ನಾಗಿದೆ ಮೇಡಂ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೆ ಇದು ನೀವು ಪ್ರಶ್ನೆ ಕೇಳಿ ಕೇಳಿ ಹೊರಗೆ ತೆಗೆದ ಕತೆ. ನೀವಿಲ್ಲದೆ ಮಗು ಒಂದೇ ಕೂತು ಬರೆಯಬೇಕಲ್ಲ? ಅಲ್ಲಿ ಏನಾಗುತ್ತದೆ?

ಕೊಳ್ಳೇಗಾಲ ಮೇಷ್ಟ್ರು

ಸರಿಯಾದ ಪ್ರಶ್ನೆ ಸರ್. ಬೋರ್ಡಿನ ಮೇಲೆ ಒಂದು ಕತೆ ಆದ ಕೂಡಲೇ ಎಲ್ಲರಿಗೂ ಬಂದುಬಿಡುವುದಿಲ್ಲ. ಮೇಡಂ ಕೇಳಿದ ಪ್ರಶ್ನೆಗಳನ್ನು ಮಕ್ಕಳೇ ಒಬ್ಬರಿಗೊಬ್ಬರು ಕೇಳುವ ಹಾಗೆ ಮಾಡಬೇಕು. ಇಬ್ಬಿಬ್ಬರನ್ನು ಕೂರಿಸಿ. ಒಬ್ಬ ಹೇಳುತ್ತಾನೆ, ಇನ್ನೊಬ್ಬನ ಕೆಲಸ ಬರೀ ಪ್ರಶ್ನೆ ಕೇಳೋದು: ಎಲ್ಲಿ? ಆಗ ನೀನು ಏನು ಮಾಡಿದೆ? ಅವನು ಏನಂದ? "ಚೆನ್ನಾಗಿದೆ", "ಚೆನ್ನಾಗಿಲ್ಲ" ಅನ್ನುವ ಹಾಗಿಲ್ಲ. ಹೇಳಿ ಮುಗಿದ ತಕ್ಷಣ, ಬಿಸಿ ಆರುವ ಮುಂಚೆ ಬರೆಯಬೇಕು. ನಾಳೆ ಬರೆದುಕೊಂಡು ಬನ್ನಿ ಅಂದರೆ ನಿಮಗೆ ಅಣ್ಣ ಬರೆದುಕೊಟ್ಟ ಕತೆ ಸಿಗುತ್ತದೆ.

ಇನ್ನೊಂದು ಕೆಲಸಕ್ಕೆ ಬರುವುದು, ಹಾಳೆಯನ್ನು ನಾಲ್ಕು ಮಡಿಕೆ ಮಾಡುವುದು. ನಾಲ್ಕು ಚೌಕ, ನಾಲ್ಕು ಚಿತ್ರ. ಮೊದಲನೆಯದು ಯಾರು ಎಲ್ಲಿದ್ದರು, ಕೊನೆಯದು ಏನಾಯಿತು. ನಡುವಿನ ಎರಡೂ ಚೌಕ ತೊಂದರೆಗೇ ಮೀಸಲು. ಇದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಮಕ್ಕಳು ನಡು ಭಾಗವನ್ನೇ ಹಾರಿಸುವುದು, ಹುಲಿ ಬಂತು ಮನೆಗೆ ಹೋದನು ಅಂತ. ಕಡ್ಡಿ ಚಿತ್ರ ಸಾಕು. ಕ್ರೇಯಾನ್ ಮಾತ್ರ ಕೊಡಬೇಡಿ, ಪೀರಿಯಡ್ ಪೂರ್ತಿ ಆಕಾಶಕ್ಕೆ ಬಣ್ಣ ಹಚ್ಚುತ್ತಾ ಕೂರುತ್ತಾರೆ.

ಶನಿವಾರದ ಕ್ಲಾಸು, ನ್ಯೂಜೆರ್ಸಿ

ಇಲ್ಲಿ ವಾರಕ್ಕೊಮ್ಮೆ ಕನ್ನಡ ಕ್ಲಾಸು ನಡೆಸುವ ಗುಂಪಿನಲ್ಲಿ ನಾನೂ ಒಬ್ಬಳು. ನಮ್ಮ ಮಕ್ಕಳದ್ದು ಉಲ್ಟಾ ಕಷ್ಟ. ಕತೆ ಕಟ್ಟುವುದನ್ನು ಇಂಗ್ಲಿಷಿನಲ್ಲಿ ಶಾಲೆಯಲ್ಲೇ ಕಲಿತಿರುತ್ತಾರೆ, ಕನ್ನಡದ ಪದ ಸಾಲುವುದಿಲ್ಲ, ಅಕ್ಷರ ಬರೆಯೋದು ಇನ್ನೂ ನಿಧಾನ. ಅದಕ್ಕೆ ನಾವು ಬರೆಸುವುದನ್ನೇ ಬಿಟ್ಟೆವು. ಮಗು ಹೇಳುತ್ತದೆ, ದೊಡ್ಡವರು ಅದರ ಬಾಯಿಂದ ಬಂದದ್ದನ್ನು ಒಂದಕ್ಷರ ಬದಲಿಸದೆ ಬರೆದುಕೊಳ್ಳುತ್ತಾರೆ, ಮಗು ಅದನ್ನು ಓದುತ್ತದೆ. ತಾನೇ ಹೇಳಿದ್ದಾದ್ದರಿಂದ ಓದಲು ಬಂದುಬಿಡುತ್ತದೆ. ಮಧ್ಯೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇವೆ. "ಸ್ಕ್ವಿರಲ್ ನನ್ನ ಸ್ಯಾಂಡ್‌ವಿಚ್ ಕದ್ದುಕೊಂಡು ಹೋಯಿತು." ಪಾವಗಡದ ಕೋತಿಯ ತಮ್ಮ ಇಲ್ಲಿದ್ದಾನೆ ನೋಡಿ.

ಪಾವಗಡದ ಅಕ್ಕಾ, ನಿಮ್ಮ ತೆಲುಗು ಮಕ್ಕಳಿಗೂ ಇದು ಆಗಬಹುದು. ಮೊದಲು ತೆಲುಗಲ್ಲೇ ಹೇಳಿಬಿಡಲಿ, ಪಕ್ಕದ ಗೆಳತಿ ಕನ್ನಡದಲ್ಲಿ ಹೇಳಿಕೊಡಲಿ.

ಇಬ್ಬರ ಅಮ್ಮ

ಮನೆಯಲ್ಲಿ ನಾವು ಏನು ಮಾಡಬಹುದು ಅಂತಲೂ ಯಾರಾದರೂ ಹೇಳಿ. ನಾನು ಕತೆ ಹೇಳೋಕೆ ಕೂತರೆ ಐದು ನಿಮಿಷಕ್ಕೆ ಖಾಲಿ.

ಹುಬ್ಬಳ್ಳಿ ಮಂದಿ

ನೀವು ಹೇಳಬ್ಯಾಡ್ರೀ, ಕೇಳ್ರಿ. "ಇವತ್ತು ಸ್ಕೂಲಲ್ಲಿ ಏನಾಯಿತು" ಅಂದರೆ "ಏನಿಲ್ಲ" ಅಂತಾರೆ. "ಇವತ್ತು ಯಾರಿಗೆ ಬೈಗುಳ ಬಿತ್ತು?" ಅಂತ ಕೇಳಿ ನೋಡಿ, ಅರ್ಧ ಗಂಟೆ ನಿಲ್ಲುವುದಿಲ್ಲ. ಸಿನಿಮಾ ಕತೆ ಹೇಳಿಸಿದರೂ ಆಗುತ್ತದೆ, ಆದರೆ ಅದರಲ್ಲಿ ಒಂದು ಎಡವಟ್ಟು ಇದೆ. ಸಿನಿಮಾ ಕತೆಯನ್ನು ಎಲ್ಲರೂ "ಬರ್ತಾನೆ, ಹೊಡೀತಾನೆ" ಅಂತ ಹೇಳುತ್ತಾರಲ್ಲ, ಅದೇ ಬರವಣಿಗೆಗೂ ಬರುತ್ತದೆ. "ರಾಜ ಇದ್ದನು" ಅಂತ ಶುರುವಾಗಿ ಮೂರನೇ ಸಾಲಿಗೆ "ರಾಜ ಹೋಗುತ್ತಾನೆ" ಆಗುತ್ತದೆ. ಬೈಯುವ ವಿಷಯವಲ್ಲ ಅದು. ಗಟ್ಟಿಯಾಗಿ ಓದಿಸಿದರೆ ಅವರ ಕಿವಿಗೇ ತಟ್ಟುತ್ತದೆ.

ಚಿತ್ರ ಬೇಕು ಅಂದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ನೋಡಿ. ಪುಕ್ಕಟೆ. ಕನ್ನಡ ಪುಸ್ತಕಗಳಿವೆ, ಹಂತ ಒಂದರಿಂದ ನಾಲ್ಕರವರೆಗೆ. ಅಲ್ಲಿನ ಚಿತ್ರ ತೆಗೆದುಕೊಂಡು ನಮ್ಮದೇ ಕತೆ ಬರೆಯಬಹುದು. ನನ್ನ ಪ್ರಕಾರ ಪದ ಮುಚ್ಚಿ ಚಿತ್ರ ಮಾತ್ರ ತೋರಿಸಿ ಹೇಳಿಸುವುದು ಒಳ್ಳೆಯದು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, "ಓದುವ ಬೆಳಕು" ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಮಾಡಿಸುತ್ತಾರೆ. ಕತೆ ಕೇಳದ, ಓದದ ಮಗುವಿನಿಂದ ಕತೆ ಬರೆಸುವುದು ಅಂದರೆ, ಏನು ಹೇಳಲಿ, ಖಾಲಿ ಕೊಡ ಬಗ್ಗಿಸಿದ ಹಾಗೆ.

ಪಾವಗಡದ ಟೀಚರ್

ಇನ್ನೆರಡು ವಿಷಯ ಕೇಳಿ ಸುಮ್ಮನಾಗುತ್ತೇನೆ. ಒಂದು, ಏನು ಮಾಡಿದರೂ ಪೆನ್ಸಿಲ್ ಎತ್ತದ ಒಬ್ಬ ಹುಡುಗ ಇದ್ದಾನೆ. ಹೇಳೋದೂ ಇಲ್ಲ, ಬರೆಯೋದೂ ಇಲ್ಲ. ಇನ್ನೊಂದು, ಎಫ್‌ಎಗೆ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಇದಕ್ಕೆ ಅಂಕ ಹೇಗೆ ಕೊಡೋದು? ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸಬೇಕು, ಕೋತಿ ಕತೆ ಇಟ್ಟುಕೊಂಡು ಏನು ಹೇಳಲಿ?

ಗೋಡೆ ಪತ್ರಿಕೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಆ ಹುಡುಗನ ವಿಷಯಕ್ಕೆ ಬಂದೆ. ನಮ್ಮಲ್ಲೂ ಒಬ್ಬನಿದ್ದ. ಅವನಿಗೆ ಕತೆ ಕೇಳುವುದನ್ನು ಬಿಟ್ಟು ಬರೀ ಮೊದಲ ಸಾಲು ಬರೆದು ಕೊಡುತ್ತಿದ್ದೆ, ಅದೂ ಸುಳ್ಳು ಸಾಲು. "ನಿಮ್ಮ ಮನೆಯ ಎಮ್ಮೆ ನಿನ್ನೆ ಬಸ್ ಹತ್ತಿ ತುಮಕೂರಿಗೆ ಹೋಯಿತು." ಮಕ್ಕಳು ಸುಳ್ಳನ್ನು ಸುಮ್ಮನೆ ಬಿಡುವುದಿಲ್ಲ. "ಇಲ್ಲ ಮಿಸ್, ನಮ್ಮ ಎಮ್ಮೆಗೆ ಕಾಲು ನೋವು" ಅಂದ. ಹಾಗಾದರೆ ಅದನ್ನೇ ಬರಿ ಅಂದೆ. ಒಂದೇ ಸಾಲು ಬರೆದ. ಅವನ ಹೆಸರು ಹಾಕಿ ಗೋಡೆ ಪತ್ರಿಕೆಗೆ ಅಂಟಿಸಿದೆ. ಮಿಕ್ಕವರು ಬಂದು ಕಾಲಿಗೆ ಏನಾಯಿತು, ಡಾಕ್ಟರ್ ಬಂದರಾ ಅಂತ ಕೇಳಿ ಕೇಳಿ ಅವನಿಂದ ಮುಂದಿನ ಸಾಲು ಹೊರಡಿಸಿದರು. ಗೋಡೆಗೆ ಎಲ್ಲರದ್ದೂ ಹಾಕಿ, ಚೆನ್ನಾಗಿರುವುದು ಮಾತ್ರ ಅಂತ ಆರಿಸಬೇಡಿ. ಆರಿಸಿದ ದಿನದಿಂದ ಮೂರೇ ಮಕ್ಕಳು ಬರೆಯುತ್ತಾರೆ.

ಕೊಳ್ಳೇಗಾಲ ಮೇಷ್ಟ್ರು

ಎಫ್‌ಎ ಬಗ್ಗೆ: ಮಗುವಿನ ಜೂನ್ ತಿಂಗಳ ಕತೆ, ಈಗಿನ ಕತೆ ಎರಡನ್ನೂ ಒಂದೇ ಫೈಲಿನಲ್ಲಿ ಇಡಿ, ದಿನಾಂಕ ಹಾಕಿ. ಅಂಕವನ್ನು ನಾಲ್ಕಾಗಿ ಒಡೆಯಿರಿ. ಯಾರು, ಎಲ್ಲಿ ಅಂತ ಗೊತ್ತಾಗುತ್ತದಾ? ತೊಂದರೆ ಏನು ಅಂತ ಇದೆಯಾ? ಕತೆಯಲ್ಲಿ ಯಾರಾದರೂ ಮಾತಾಡುತ್ತಾರಾ? ವಾಕ್ಯ ಮುಗಿದಲ್ಲಿ ಚುಕ್ಕೆ ಇದೆಯಾ? ಕಾಗುಣಿತಕ್ಕೆ ಉಕ್ತಲೇಖನದಲ್ಲಿ ಬೇರೆ ಅಂಕ. ನಮ್ಮ ಸಿಆರ್‌ಪಿ ಇದನ್ನು ಒಪ್ಪಿದರು, ಎರಡು ಕತೆ ಅಕ್ಕಪಕ್ಕ ಇಟ್ಟಾಗ ಅವರೇ ಕೂತು ಓದಿದರು. ನಿಮ್ಮವರು ಒಪ್ಪದಿದ್ದರೆ ಬೋರ್ಡಿನ ಮೇಲಿನ ಕೋತಿ ಕತೆಯನ್ನು ಅಳಿಸದೆ ಬಿಡಿ, ಓದಿಯೇ ಹೋಗುತ್ತಾರೆ.

ನಿವೃತ್ತ, ಹಾಸನ

ಐದನೆಯದಾಗಿ ಹಕಾರವನ್ನೂ ಸೇರಿಸಿ ಮೇಷ್ಟ್ರೇ.

ಕೊಳ್ಳೇಗಾಲ ಮೇಷ್ಟ್ರು

ಮುಂದಿನ ಎಫ್‌ಎಗೆ ಸರ್, ಖಂಡಿತ.